ಲೆನ್ಸಿನ ಹಣದಲ್ಲಿ ಕಲಬುರಗಿ, ಬೀದರ್

ಹವ್ಯಾಸಕ್ಕೆಂದು ಕ್ಯಾಮೆರಾ ಹಿಡಿದವರ ಚಿತ್ರಗಳು ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಡುತ್ತವೆ. ಆಗ ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಹೊಸ ಲೆನ್ಸ್. ನಾನೂ ಹೆಚ್ಚು ಅಗಲದ ನೋಟವನ್ನು ಹಿಡಿಯುವ ಒಂದು ವೈಡ್ ಲೆನ್ಸಿಗೆಂದು ತಿಂಗಳು ತಿಂಗಳು ಹಣ ಎತ್ತಿಡುತ್ತಿದ್ದೆ. ಡಿಸೆಂಬರಿನ ರಜೆ ಹತ್ತಿರವಾದಾಗ ಆ ಹಣವನ್ನು ಬೇರೆ ದಾರಿಗೆ ತಿರುಗಿಸಿದೆ: ಒಂದೇ ಊರಿನಲ್ಲಿ ಹೆಚ್ಚು ರಾತ್ರಿ ಉಳಿಯುವುದಕ್ಕೆ. ಒಂದು ಕಟ್ಟಡವನ್ನು ಸಂಜೆ ನೋಡಿ, ಮಲಗಿ ಎದ್ದು, ಬೆಳಿಗ್ಗೆ ಮತ್ತೆ ನೋಡುವ ಅವಕಾಶ ಕಲಿಸುವಷ್ಟನ್ನು ಯಾವ ಲೆನ್ಸೂ ಕಲಿಸುವುದಿಲ್ಲ ಎಂದು ಮೊದಲಿನಿಂದಲೂ ನಂಬಿದ್ದೆ. ಹೋಗಿ ಬಂದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ.

ಜೊತೆಗೆ ಬಂದವಳು ತಂಗಿ. ಅವಳ ಬಳಿ ಇದ್ದದ್ದು ಮೊಬೈಲ್ ಮಾತ್ರ. ನನ್ನ ಚೀಲದಲ್ಲಿ ಯಾರೋ ಬಳಸಿ ಮಾರಿದ ಹಳೆಯ ಡಿಎಸ್‌ಎಲ್‌ಆರ್, ಅದರೊಂದಿಗೇ ಬಂದ 18-55 ಮಿ.ಮೀ. ಜೂಮ್ ಲೆನ್ಸ್, ಮತ್ತು ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಲೆನ್ಸುಗಳಲ್ಲಿ ನನಗೆ ಅತ್ಯಂತ ಪ್ರಿಯವಾದ 50 ಮಿ.ಮೀ., ಎಫ್ 1.8 (ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು). ಟ್ರೈಪಾಡ್ ಒಯ್ಯಲಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದನ್ನು ಬಳಸಲು ಮುಂಗಡ ಅನುಮತಿ ಬೇಕು. ಅದರ ಬದಲು ಅಮ್ಮ ಹೊಲಿದುಕೊಟ್ಟ ಕಾಟನ್ ಚೀಲದಲ್ಲಿ ಒಂದು ಸೇರು ಜೋಳ ತುಂಬಿಕೊಂಡಿದ್ದೆ. ಕ್ಯಾಮೆರಾವನ್ನು ಆ ಚೀಲದ ಮೇಲೆ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಕೈ ನಡುಕದ ಭಯವಿಲ್ಲ. ಟಿವಿ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮಾಕೋಲ್ ಹಲಗೆಯನ್ನು, ನೆರಳಿನ ಕಡೆಗೆ ಬೆಳಕು ತಿರುಗಿಸಲೆಂದು, ಕತ್ತರಿಸಿ ಬಟ್ಟೆಗಳ ನಡುವೆ ಇಟ್ಟುಕೊಂಡೆವು. ಹಳೆಯ ಫಿಲ್ಮ್ ರೋಲಿನಂತೆ ದಿನಕ್ಕೆ 36 ಚಿತ್ರ ಮಾತ್ರ, ರಾತ್ರಿಯವರೆಗೆ ಯಾವುದನ್ನೂ ಅಳಿಸುವಂತಿಲ್ಲ ಎಂಬ ಕಟ್ಟಳೆಯನ್ನೂ ಹಾಕಿಕೊಂಡಿದ್ದೆ.

ಶುಕ್ರವಾರ, ಕಲಬುರಗಿ

ರೈಲು ಇಳಿದಾಗ ಇನ್ನೂ ಕತ್ತಲು. ಬಿಸಿ ತಹರಿ ತಿಂದು, ಚಹಾ ಕುಡಿದು ಕೋಟೆಯ ಕಡೆ ನಡೆಯುವಷ್ಟರಲ್ಲಿ ಬೆಳಕು ಹರಿಯಿತು. ಕಂದಕದ ನೀರಿನ ಮೇಲೆ ಹಸಿರು ಪಾಚಿ, ಒಳಗೆ ಕಿಟಕಿಗಳೇ ಇಲ್ಲದ ದೊಡ್ಡ ಬುರುಜು. ಅದನ್ನು ದಾಟಿದರೆ ಜಾಮಿ ಮಸೀದಿ.

1367ರಲ್ಲಿ ಕಟ್ಟಿದ ಈ ಮಸೀದಿಗೆ ಒಳ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಜಾಗವೆಲ್ಲ ಗುಮ್ಮಟಗಳ ಕೆಳಗಿದೆ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಮೊದಲ ನೋಟಕ್ಕೆ ಯಾರಾದರೂ ಆ ಸಾಲುಗಳ ನಟ್ಟನಡುವೆ ನಿಂತು ಚಿತ್ರ ತೆಗೆಯುತ್ತಾರೆ. ನಾನು ಕ್ಯಾಮೆರಾ ಎತ್ತಿದ್ದನ್ನು ಕಂಡು, ನೆಲ ಗುಡಿಸುತ್ತಿದ್ದ ಹಿರಿಯರು ಪೊರಕೆಯನ್ನು ಕಂಬಕ್ಕೆ ಒರಗಿಸಿ ಬಂದರು.

"ಈಗ ನಡುವಿನಲ್ಲಿ ಕತ್ತಲು ಇರುತ್ತದಮ್ಮಾ. ಆ ಬದಿಗೆ ಹೋಗಿ ನಿಲ್ಲಿ."

ಅವರು ತೋರಿಸಿದ್ದು ದಕ್ಷಿಣದ ಬದಿ. ಪಶ್ಚಿಮಕ್ಕೆ ಪ್ರಾರ್ಥನೆಯ ಗೋಡೆ, ಅಲ್ಲಿಂದ ಬೆಳಕು ಬರುವುದಿಲ್ಲ. ಉಳಿದ ಮೂರು ದಿಕ್ಕುಗಳ ಗೋಡೆಗಳಲ್ಲಿ ದೊಡ್ಡ ಕಮಾನುಗಳು ತೆರೆದಿವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುವುದರಿಂದ ಆ ಬದಿಯ ಓಣಿಯಲ್ಲಿ ಬಿಸಿಲು ಓರೆಯಾಗಿ ನೆಲದ ಮೇಲೆ ಬೀಳುತ್ತಿತ್ತು. ಇದೇ ಜಾಗ ಮೇ ತಿಂಗಳಿನಲ್ಲಿ ಹೀಗೆ ಕಾಣುವುದಿಲ್ಲ. ಎಷ್ಟೋ ವರ್ಷಗಳಿಂದ ಆ ನೆಲವನ್ನು ಗುಡಿಸುತ್ತ ಬಂದವರಿಗೆ ಬೆಳಕಿನ ಜಾಡು ಅಂಗೈಯ ಗೆರೆಗಳಷ್ಟು ಪರಿಚಿತ. ಅಂದಿನಿಂದ ಪ್ರತಿ ಜಾಗದಲ್ಲೂ ಕ್ಯಾಮೆರಾ ತೆರೆಯುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು "ಇಲ್ಲಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ.

ಅಂಥ ಜಾಗದ ತೊಡಕು ಏನೆಂದರೆ ಕಮಾನಿನ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ದಟ್ಟ ನೆರಳು. ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಕ್ಯಾಮೆರಾಕ್ಕೆ ಇಲ್ಲ. ಬೆಳಕು ಬಿದ್ದ ನೆಲವನ್ನೇ ಕ್ಯಾಮೆರಾದ ಬೆಳಕಿನ ಅಳತೆಗೆ ಹಿಡಿದು, ನೆರಳನ್ನು ನೆರಳಾಗಿಯೇ ಬಿಡುವುದು ಮೇಲು; ಪೂರ್ತಿ ಬೆಳ್ಳಗಾದ ಭಾಗದಿಂದ ಆಮೇಲೆ ಏನನ್ನೂ ಮರಳಿ ಪಡೆಯಲಾಗುವುದಿಲ್ಲ, ಕತ್ತಲಿನಿಂದ ಅಷ್ಟಿಷ್ಟು ಪಡೆಯಬಹುದು. ತಂಗಿ ಮೊಬೈಲಿನಲ್ಲಿ ಬಿಸಿಲಿನ ಪಟ್ಟಿಯ ಮೇಲೆ ಬೆರಳು ಒತ್ತಿ ಹಿಡಿದು, ಹೊಳಪನ್ನು ಕೆಳಗೆ ಎಳೆದು ಇದನ್ನೇ ಮಾಡಿದಳು. ಅಂದಿನ ಅತ್ಯುತ್ತಮ ಚಿತ್ರ ಅವಳದೇ: ಬಿಸಿಲಿನ ಪಟ್ಟಿಯನ್ನು ದಾಟುತ್ತಿರುವ ಪೊರಕೆ, ಮೇಲಕ್ಕೆದ್ದ ಧೂಳು, ಆ ಹಿರಿಯರ ಬರಿಗಾಲು.

ಸಂಜೆ ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ನಲ್ಲಿ ಕುಳಿತೆವು. ಹುಡುಗರ ಕ್ರಿಕೆಟ್ ನಡೆದಿತ್ತು. ಗುಮ್ಮಟಗಳ ಹಿಂದೆ ಸೂರ್ಯ ಇಳಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು, ಆಕಾಶ ನೀಲಿಗೆ ತಿರುಗುವುದನ್ನು ಕಾದದ್ದು ಸಾರ್ಥಕವಾಯಿತು. ಬಹುತೇಕ ಜನ ಸೂರ್ಯ ಮುಳುಗಿದ ಕೂಡಲೇ ಎದ್ದು ಹೊರಡುತ್ತಾರೆ. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕೊನೆಗೆ ಮಾಲಪುರಿ.

ಶನಿವಾರ, ಬೀದರಿನ ದಾರಿ

ಕಲಬುರಗಿಯಿಂದ ಬೀದರಿಗೆ ಈಗ ರೈಲೂ ಇದೆ. 2017ರಲ್ಲಿ ಆ ಮಾರ್ಗ ಪೂರ್ತಿಯಾಯಿತು. ನಾವು ರಸ್ತೆಯನ್ನು ನೋಡುವ ಆಸೆಗೆ ಬಸ್ ಹತ್ತಿದೆವು. ಕಮಲಾಪುರದ ಹತ್ತಿರ ಚಕ್ರ ಪಂಕ್ಚರ್ ಆಯಿತು. ಅದು ಕೆಂಪು ಬಾಳೆಗೆ ಹೆಸರಾದ ಊರು. ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಅವ್ವನ ಬಳಿ ಕುಳಿತು ಬಾಳೆಹಣ್ಣು ತಿಂದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಮುಖದ ಚಿತ್ರ ಚೆನ್ನಾಗಿ ಬರುವುದಿಲ್ಲ, ಕಣ್ಣಿನ ಗುಳಿಗಳಲ್ಲಿ ಕಪ್ಪು ಕೂರುತ್ತದೆ. ಆದರೆ ಅವಳು ಕುಳಿತದ್ದು ಬೇವಿನ ಮರದ ನೆರಳಿನ ಅಂಚಿನಲ್ಲಿ, ಎದುರಿಗೆ ಬಿಸಿಲು ಬಿದ್ದ ಬಿಳಿ ಗೋಡೆ. ಆ ಗೋಡೆಯಿಂದ ಮರಳಿ ಬರುತ್ತಿದ್ದ ಬೆಳಕು ಅವಳ ಮುಖದ ಮೇಲೆ ಮೆತ್ತಗೆ ಹರಡಿತ್ತು.

"ನನ್ನದು ಬೇಡ ತಂಗಿ, ಹಣ್ಣಿನದು ತೆಗೆ" ಎಂದಳು. ಹಣ್ಣಿನದೇ ತೆಗೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು, "ಈಗ ನನ್ನದೂ ತೆಗೆ" ಎಂದಳು. ಬೇಡ ಎಂದವರನ್ನು ದೂರದಿಂದ ಕದ್ದು ತೆಗೆಯುವ ಅಭ್ಯಾಸ ನನಗೆ ಸ್ವಲ್ಪವೂ ಇಷ್ಟವಿಲ್ಲ. ಉದ್ದ ಲೆನ್ಸ್ ಕೊಂಡವರಲ್ಲಿ ಆ ಚಟ ಬೇಗ ಬೆಳೆಯುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಮುಖ ತೆಗೆಯಬೇಕಾದರೆ ಹತ್ತಿರ ಹೋಗಿ ಮಾತನಾಡಲೇಬೇಕು.

ಹುಮನಾಬಾದ್ ದಾಟಿದ ಮೇಲೆ ಮಣ್ಣು ಕೆಂಪಾಯಿತು. ಹೊಲಗಳಲ್ಲಿ ತೊಗರಿ ಕೊಯ್ಲು. ಬೀದರಿನ ಗಾಳಿಯಲ್ಲಿ ಮಧ್ಯಾಹ್ನವೇ ಚಳಿಯ ಕಚ್ಚು ಇತ್ತು.

ಕೋಣೆಯಲ್ಲಿ ಸಾಮಾನು ಇಟ್ಟು ಸೀದಾ ಮಹಮೂದ್ ಗವಾನ್ ಮದರಸಾಕ್ಕೆ ಹೋದೆವು. ಬಹಮನಿ ರಾಜ್ಯದ ಮಂತ್ರಿ ಗವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಮುಂದೆ ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಗೊಂಡು ಎದುರಿನ ಒಂದು ಭಾಗವೂ ಒಂದು ಮಿನಾರವೂ ಹೋದವು. ಉಳಿದ ಮಿನಾರದ ಮೇಲೆ ಇಂದಿಗೂ ಬಣ್ಣದ ಹೆಂಚುಗಳು ಅಂಕುಡೊಂಕು ಪಟ್ಟಿಗಳಾಗಿ ಹಬ್ಬಿವೆ. ಕಟ್ಟಡದ ಮುಖ ಪೂರ್ವಕ್ಕೆ. ನಾವು ನಿಂತದ್ದು ಇಳಿಹೊತ್ತಿನಲ್ಲಿ, ಆದ್ದರಿಂದ ಮುಂಭಾಗವೆಲ್ಲ ನೆರಳಿನಲ್ಲಿತ್ತು. ಹೆಂಚುಗಳು ಒದ್ದೆ ಬಟ್ಟೆಯ ಬಣ್ಣದಲ್ಲಿ ಮಂಕಾಗಿದ್ದವು. ಒಂದೇ ದಿನದ ಪ್ರವಾಸವಾಗಿದ್ದರೆ ಇದನ್ನೇ ತೆಗೆದುಕೊಂಡು ಮನೆಗೆ ಹೋಗುತ್ತಿದ್ದೆ. ಎಲ್ಲಿ ನಿಲ್ಲಬೇಕು, ವಿದ್ಯುತ್ ತಂತಿ ಎಲ್ಲಿ ಅಡ್ಡ ಬರುತ್ತದೆ, ಮಿನಾರ ಪೂರ್ತಿ ಹಿಡಿಸಲು ಎಷ್ಟು ಹಿಂದೆ ಸರಿಯಬೇಕು ಎಂಬುದನ್ನು ಮಾತ್ರ ಮೊಬೈಲಿನಲ್ಲಿ ಗುರುತು ಮಾಡಿಕೊಂಡೆ. ವೈಡ್ ಲೆನ್ಸ್ ಇಲ್ಲದ್ದಕ್ಕೆ ಉಪಾಯವೂ ಅಲ್ಲೇ ಸಿಕ್ಕಿತು: ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಒಂದು ಚಿತ್ರದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತೆ ಸಾಲಾಗಿ ತೆಗೆದು, ಆಮೇಲೆ ಉಚಿತ ತಂತ್ರಾಂಶದಲ್ಲಿ ಜೋಡಿಸುವುದು. ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ) ಮತ್ತು ಫೋಕಸ್ ಎರಡನ್ನೂ ಕೈಯಿಂದಲೇ ನಿಗದಿ ಮಾಡಿಡಬೇಕು, ಇಲ್ಲದಿದ್ದರೆ ಜೋಡಣೆಯ ಗೆರೆಗಳು ಕಾಣುತ್ತವೆ.

ಕೋಟೆಯಲ್ಲಿ ರಂಗೀನ್ ಮಹಲ್ ಎಂಬ ಅರಮನೆಗೆ ಬೀಗ ಹಾಕಿತ್ತು. ಕೇಳಿಕೊಂಡಾಗ ಕಾವಲಿನವರು ಬಂದು ತೆರೆದರು. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಎದುರಿನಿಂದ ನೋಡಿದರೆ ಮಂಕು. ಎರಡು ಹೆಜ್ಜೆ ಪಕ್ಕಕ್ಕೆ ಸರಿದಾಗ ಬಾಗಿಲಿನ ಬೆಳಕು ತಾಗಿ ಹೊಳೆಯಿತು. ಅಲ್ಲಿ ಹೆಚ್ಚು ಹೊತ್ತು ಇರಲಾಗಲಿಲ್ಲ. ರಾತ್ರಿಯ ಊಟ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟದ ಮನೆಯಲ್ಲಿ. ತಲೆಗೆ ಬಟ್ಟೆ ಸುತ್ತಿಕೊಂಡು ಸಾಲಿನಲ್ಲಿ ಕುಳಿತೆವು. ಬಿಸಿ ರೊಟ್ಟಿಯನ್ನು ಎರಡೂ ಕೈಗಳಲ್ಲಿ ಸ್ವೀಕರಿಸುವುದು ಅಲ್ಲಿನ ಪದ್ಧತಿ.

ಭಾನುವಾರ, ಬೀದರ್

ಬೆಳಿಗ್ಗೆ ಆರಕ್ಕೆ ಹೊರಟಾಗ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಬೆಚ್ಚಗಿನ ಕೋಣೆಯಿಂದ ಹೊರಬಂದೆವಾದರೂ ಲೆನ್ಸಿನ ಮೇಲೆ ಹನಿ ಕೂರಲಿಲ್ಲ; ತೊಂದರೆ ಬರುವುದು ತಣ್ಣಗಿನ ಕ್ಯಾಮೆರಾವನ್ನು ಬೆಚ್ಚಗಿನ, ತೇವದ ಜಾಗಕ್ಕೆ ಒಯ್ದಾಗ. ಮದರಸಾದ ಎದುರಿನ ಚಹಾ ಅಂಗಡಿಯ ಒಳಗೆ ನುಗ್ಗಿದಾಗ ಅದೇ ಆಯಿತು. ಒಲೆಯ ಹಬೆಗೆ ಗಾಜು ಪೂರ್ತಿ ಮಸುಕು. ಒರೆಸಲು ಹೋದರೆ ಗೀರು ಬೀಳಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬದಿಗಿಟ್ಟು ಕಾಯುವುದೊಂದೇ ದಾರಿ.

ಅಂಗಡಿಯ ಕಾಕಾ ಇನ್ನೊಂದು ಚಹಾ ಕೊಟ್ಟು, "ಎಂಟಕ್ಕೆ ಮಂಜು ಬಿಡುತ್ತದೆ, ಆತುರಪಡಬೇಡಿ" ಎಂದರು. ಎಂಟೂ ಕಾಲಿಗೆ ಬಿಟ್ಟಿತು. ಮೊದಲು ಮಿನಾರದ ತುದಿ, ಆಮೇಲೆ ನಡು, ಆಮೇಲೆ ಗೋಡೆ. ನಿನ್ನೆ ಮಂಕಾಗಿದ್ದ ಹೆಂಚುಗಳಲ್ಲಿ ನೀಲಿ, ಹಳದಿ, ಬಿಳಿ ಬೇರೆ ಬೇರೆಯಾಗಿ ಎದ್ದು ನಿಂತವು. ಓರೆ ಬಿಸಿಲಿಗೆ ಪ್ರತಿ ಹೆಂಚಿನ ಅಂಚೂ ಲೆಕ್ಕಕ್ಕೆ ಸಿಗುವಂತಿತ್ತು. ನಿಲ್ಲುವ ಜಾಗ ಹಿಂದಿನ ಸಂಜೆಯೇ ಗೊತ್ತಾಗಿದ್ದರಿಂದ ಒಂದು ನಿಮಿಷವನ್ನೂ ಕಳೆದುಕೊಳ್ಳಲಿಲ್ಲ. ಆ ಬಣ್ಣ ಹೆಚ್ಚೆಂದರೆ ಅರ್ಧ ಗಂಟೆ ಇತ್ತು. ಎರಡನೇ ರಾತ್ರಿಯ ಕೋಣೆ ಬಾಡಿಗೆಯ ಪೂರ್ತಿ ಬೆಲೆ ನನಗೆ ಅಲ್ಲಿಯೇ ಸಂದಾಯವಾಯಿತು.

ಅಲ್ಲಿಂದ ಆಟೊದಲ್ಲಿ ಅಷ್ಟೂರಿಗೆ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಅವರಲ್ಲೊಬ್ಬನಾದ ಹುಮಾಯೂನನ ಗೋರಿಯ ಗುಮ್ಮಟ ಅರ್ಧ ಒಡೆದು ಬಿದ್ದಿದೆ; ಗೋಡೆಯ ದಪ್ಪ, ಗುಮ್ಮಟದ ಬಾಗು ಸೀಳಿಟ್ಟಂತೆ ಕಾಣುತ್ತದೆ. ಅದರ ಮೆಟ್ಟಿಲ ಮೇಲೆ ಜೋಳದ ಚೀಲ ಇಟ್ಟು ಲೆನ್ಸ್ ಬದಲಿಸುತ್ತಿದ್ದಾಗ ಒಂದು ಆಡು ಬಂದು ಚೀಲದ ಮೂಲೆಯನ್ನು ಹರಿದು ಮೇಯತೊಡಗಿತು. ಆಡು ಕಾಯುವ ಹುಡುಗ ಓಡಿಬಂದು ಅದರ ಬಾಯಿಯಿಂದ ಬಟ್ಟೆಯ ಚೂರನ್ನು ಎಳೆದ. "ಅಕ್ಕಾ, ಜೋಳ ತಿಂದರೆ ತಿನ್ನಲಿ, ಬಟ್ಟೆ ನುಂಗಿದರೆ ಹೊಟ್ಟೆ ಉಬ್ಬುತ್ತದೆ" ಎಂದು ಅವನಿಗೆ ಗಾಬರಿ. ತಂಗಿ ಹರಿದ ಮೂಲೆಯನ್ನು ಕೂದಲಿನ ಬ್ಯಾಂಡಿನಿಂದ ಕಟ್ಟಿದಳು. ಅರ್ಧ ಖಾಲಿಯಾದ ಚೀಲ ಮೊದಲಿಗಿಂತ ಚೆನ್ನಾಗಿ ಕ್ಯಾಮೆರಾವನ್ನು ತಬ್ಬಿ ಹಿಡಿಯಿತು. ಇಂಥ ಚೀಲ ಮಾಡಿಕೊಳ್ಳುವವರು ಬಿಗಿಯಾಗಿ ತುಂಬದಿರುವುದೇ ಒಳ್ಳೆಯದು.

ಬೀದರನ್ನು ರಾಜಧಾನಿ ಮಾಡಿಕೊಂಡ ಅಹ್ಮದ್ ಶಾಹ್ ವಲಿಯ ಗೋರಿ ಹೊರಗಿನಿಂದ ಸರಳ. ಇವನನ್ನು ಇಲ್ಲಿನ ಲಿಂಗಾಯತರು ಅಲ್ಲಮಪ್ರಭು ಎಂದು ಪೂಜಿಸುತ್ತಾರೆ. ಉರುಸಿಗೆ ಜಂಗಮರು ಬರುತ್ತಾರೆ. ಒಳಗೆ ಕಾಲಿಟ್ಟರೆ ಕತ್ತಲು. ಕಣ್ಣು ಹೊಂದಿಕೊಂಡಂತೆ ಮೇಲ್ಛಾವಣಿಯಲ್ಲಿ ಏನೋ ಬಣ್ಣವಿದೆ ಎಂಬುದಷ್ಟೇ ತಿಳಿಯುತ್ತದೆ. ಅಲ್ಲಿನ ಉಸ್ತುವಾರಿ ನೋಡಿಕೊಳ್ಳುವವರು ಒಂದು ಕನ್ನಡಿ ತೆಗೆದುಕೊಂಡು ಬಾಗಿಲ ಹೊರಗೆ ಬಿಸಿಲಿನಲ್ಲಿ ನಿಂತರು. ಬೆಳಕಿನ ಒಂದು ತುಂಡು ಒಳಗೆ ಹಾರಿಬಂದು ಗುಮ್ಮಟವನ್ನು ಮುಟ್ಟಿತು. ಅದು ಮುಟ್ಟಿದಲ್ಲೆಲ್ಲ ಕುಂಕುಮದ ಕೆಂಪು, ನೀಲಿ, ಚಿನ್ನದ ಅಕ್ಷರಗಳು ಎದ್ದುಬಂದವು. ನಾವಿಬ್ಬರೂ ಕ್ಯಾಮೆರಾವನ್ನು ಮರೆತು ತಲೆ ಎತ್ತಿ ನಿಂತೆವು.

ಬೆಳಕಿನ ತುಂಡು ಚಿಕ್ಕದು, ಗುಮ್ಮಟ ದೊಡ್ಡದು. ಆದರೆ ಶಟರ್ ತೆರೆದೇ ಇದ್ದರೆ ಆ ತುಂಡು ಹೋದಲ್ಲೆಲ್ಲ ಬಣ್ಣ ಬಳಿಯುತ್ತ ಹೋಗುತ್ತದೆ. ಕ್ಯಾಮೆರಾವನ್ನು ನೆಲದ ಮೇಲೆ ಚೀಲಕ್ಕೆ ಒರಗಿಸಿ, ಲೆನ್ಸನ್ನು ಮೇಲ್ಮುಖ ಮಾಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಎಫ್ 8, ಶಟರ್ ಹತ್ತು ಸೆಕೆಂಡು ಇಟ್ಟೆ. "ಅಣ್ಣಾ, ಕನ್ನಡಿಯನ್ನು ನಿಧಾನವಾಗಿ ಸುತ್ತ ತಿರುಗಿಸುತ್ತೀರಾ?" ಎಂದು ಕೇಳಿದೆ. ಮೊದಲ ಚಿತ್ರದಲ್ಲಿ ಬೆಳಕು ಒಂದೆಡೆ ಹೆಚ್ಚು ನಿಂತಿತ್ತು. ಪರದೆಯ ಮೇಲೆ ತೋರಿಸಿದಾಗ ಅವರೇ, "ಹಾಗಾದರೆ ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ತರುತ್ತೇನೆ" ಎಂದರು. ಮುಂದಿನದರಲ್ಲಿ ಗುಮ್ಮಟದ ಹೂಬಳ್ಳಿಯೆಲ್ಲ ಒಂದೇ ಹದದಲ್ಲಿ ಬೆಳಗಿತ್ತು. ಫ್ಲ್ಯಾಶ್ ಹಾರಿಸಿದ್ದರೆ ಎದುರಿನಿಂದ ಚಪ್ಪಟೆ ಬೆಳಕು ಬಿದ್ದು ಗಾರೆಯ ಉಬ್ಬುತಗ್ಗುಗಳೆಲ್ಲ ಸತ್ತುಹೋಗುತ್ತಿದ್ದವು. ಹಳೆಯ ಗೋಡೆಚಿತ್ರಗಳ ಮೇಲೆ ಅದನ್ನು ಬಳಸಲೂಬಾರದು. ಆ ಚಿತ್ರವನ್ನು ಅರ್ಧ ತೆಗೆದವರು ಅವರೇ ಎಂದು ನಾನು ಮನಸಾರೆ ಹೇಳುತ್ತೇನೆ.

ಮಧ್ಯಾಹ್ನ ಊರ ನಡುವಿನ ಹಳೆಯ ಗೋಪುರವಾದ ಚೌಬಾರಾದ ಹತ್ತಿರ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸದ ಅಂಗಡಿಗೆ ಹೋದಾಗ ಕನ್ನಡಿಯ ಪಾಠ ತಲೆಯಲ್ಲಿ ಬಿಸಿಯಾಗಿಯೇ ಇತ್ತು. ಅಂಗಡಿಯ ಕುಶಲಕರ್ಮಿ ಚಾಚಾ ಬಾಗಿಲ ಪಕ್ಕದಲ್ಲಿ ಕುಳಿತು ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆಯುತ್ತಿದ್ದರು. ಒಂದು ಕಡೆಯಿಂದ ಬಾಗಿಲ ಬೆಳಕು, ಇನ್ನೊಂದು ಕಡೆ ಕತ್ತಲು. ತಂಗಿ ಕತ್ತಲಿನ ಕಡೆ ಥರ್ಮಾಕೋಲ್ ಹಿಡಿದು ಕುಳಿತಳು. ಹತ್ತಿರ ತಂದಾಗ ನೆರಳು ತಿಳಿಯಾಯಿತು, ದೂರ ಒಯ್ದಾಗ ಗಾಢವಾಯಿತು. ಎಷ್ಟು ದೂರ ಹಿಡಿದರೆ ಕೆನ್ನೆಯ ಸುಕ್ಕು ಉಳಿಯುತ್ತದೆ, ಕಣ್ಣೂ ಕಾಣುತ್ತದೆ ಎಂಬ ಅಂದಾಜು ಹತ್ತಿತು.

ಬಿದರಿ ಕೆಲಸದ ಕ್ರಮ ಹೀಗೆ: ಸತು ಮತ್ತು ತಾಮ್ರದ ಎರಕ, ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ ಗೆರೆ ಎಳೆಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದು, ಕೊನೆಗೆ ಬಿಸಿ ಮಾಡಿ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಲೇಪದಿಂದ ಉಜ್ಜುವುದು. ಆಗ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಆಗಬೇಕು. ಚಾಚಾ ಚಿಟಿಕೆ ಮಣ್ಣನ್ನು ನಾಲಗೆಗೆ ತಾಗಿಸಿ ಪರೀಕ್ಷಿಸಿ ತೋರಿಸಿದರು. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ.

ಕಪ್ಪು ವಸ್ತುವಿನ ಎದುರು ಕ್ಯಾಮೆರಾದ ಅಳತೆ ಹಾದಿ ತಪ್ಪುತ್ತದೆ. ಎದುರಿಗಿರುವುದೆಲ್ಲ ನಡು ಬೂದು ಬಣ್ಣದ್ದು ಎಂಬ ಲೆಕ್ಕದಲ್ಲಿ ಅದು ಬೆಳಕನ್ನು ಹೆಚ್ಚಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ಗೆರೆಗಳು ಹಬ್ಬಿಹೋಗುತ್ತವೆ. ಎಕ್ಸ್‌ಪೋಷರ್ ಅನ್ನು ಒಂದು ಹಂತ, ಅಂದರೆ ಅರ್ಧಕ್ಕೆ, ಕೆಳಗಿಳಿಸಿ ಕೆಲವನ್ನು, ಇಳಿಸದೆ ಕೆಲವನ್ನು ತೆಗೆದುಕೊಂಡೆ, ಆಮೇಲೆ ಅಕ್ಕಪಕ್ಕ ಇಟ್ಟು ನೋಡಲೆಂದು.

ಸೋಮವಾರ, ಎಳ್ಳಮಾವಾಸ್ಯೆ

ತಂಗಿಯ ಸಹೋದ್ಯೋಗಿಯ ಮನೆ ಹುಮನಾಬಾದ್ ಕಡೆಯ ಹಳ್ಳಿಯಲ್ಲಿ. ಎಳ್ಳಮಾವಾಸ್ಯೆಗೆ ಬರಲೇಬೇಕೆಂದು ಕರೆದಿದ್ದರು. ಈ ಭಾಗದಲ್ಲಿ ಅಂದು ಊರಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಬೆಳೆಯ ಸುತ್ತ ಚರಗ (ನೈವೇದ್ಯದ ಅನ್ನ) ಚೆಲ್ಲುತ್ತಾರೆ.

ಹೋದ ಕೂಡಲೇ ನಾನು ಕ್ಯಾಮೆರಾ ತೆಗೆಯಲಿಲ್ಲ. ಮನೆಯ ಹಿರಿಯ ಅವ್ವ ಎಲೆಯ ಮುಂದೆ ಕೂರಿಸಿದರು: ಸಜ್ಜೆ ರೊಟ್ಟಿ, ಸೊಪ್ಪು ಕಾಳುಗಳನ್ನೆಲ್ಲ ಕೂಡಿಸಿ ಹುಣಸೆ ಹುಳಿ ಹಿಂಡಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ತಣ್ಣಗಾದ ಅಂಬಲಿ. ಆ ಭಜ್ಜಿಯ ರುಚಿ ಮನೆಯ ಒಲೆಯ ಮೇಲೆ ಬರುವುದಿಲ್ಲ. ಎರಡನೇ ಸಲ ಬಡಿಸಿಕೊಂಡ ಮೇಲೆ ಮಕ್ಕಳೇ ಚೀಲದಲ್ಲಿ ಏನಿದೆ ಎಂದು ಕೇಳಿದರು. ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟೆ. ಅವರು ಅಜ್ಜಿಯನ್ನು, ಎತ್ತನ್ನು, ಒಬ್ಬರನ್ನೊಬ್ಬರು ತೆಗೆದುಕೊಂಡ ಮೇಲೆ ನನ್ನ ಕಡೆ ಯಾರ ಗಮನವೂ ಇರಲಿಲ್ಲ. ಒಳ್ಳೆಯ ಚಿತ್ರಗಳು ಆಮೇಲೆಯೇ ಬಂದವು.

ನಡುಹಗಲಿನ ಬಿಸಿಲಿಗೆ ಕೊಂಪೆಯೇ ಸ್ಟುಡಿಯೊ ಆಯಿತು. ಒಳಗೆ ನೆರಳು, ಹೊರಗಿನ ಒಣ ನೆಲದಿಂದ ಮರಳುವ ಬೆಚ್ಚಗಿನ ಬೆಳಕು, ಹಿಂದೆ ದಂಟಿನ ಗೆರೆಗಳು. ಅವ್ವನನ್ನು ಬಾಗಿಲಿನಿಂದ ಒಂದು ಮೊಳ ಒಳಗೆ ಕೂರಿಸಿ, 50 ಮಿ.ಮೀ. ಲೆನ್ಸನ್ನು ಎಫ್ 2.8ಕ್ಕೆ ಇಟ್ಟೆ. ಸಂಜೆ ಚರಗ ಚೆಲ್ಲುವಾಗ ಸೂರ್ಯನಿಗೆ ಎದುರಾಗಿ ನಿಂತು, ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕೆ ಏರಿಸಿದೆ. ಗಾಳಿಯಲ್ಲಿ ಹಾರಿದ ಅನ್ನದ ಅಗುಳುಗಳು ಒಂದೊಂದಾಗಿ ಹೊಳೆದು ನಿಂತವು. ಹೊರಡುವಾಗ ಉಡಿ ತುಂಬ ಕಡಲೆ ಸುಲಗಾಯಿ ಕಟ್ಟಿಕೊಟ್ಟರು.

ಮಂಗಳವಾರ, ಮತ್ತೆ ಚೌಬಾರಾ

ಮೊಬೈಲಿಗೆ ಚಿತ್ರಗಳನ್ನು ಇಳಿಸಿಕೊಂಡು, ಉಚಿತವಾಗಿ ಸಿಗುವ ಸ್ನ್ಯಾಪ್‌ಸೀಡ್‌ನಲ್ಲಿ ಅಲ್ಪಸ್ವಲ್ಪ ತಿದ್ದಿ, ಬೆಳಿಗ್ಗೆ ಸ್ಟುಡಿಯೊ ಒಂದರಲ್ಲಿ 4×6 ಇಂಚಿನ ಪ್ರತಿಗಳನ್ನು ಮಾಡಿಸಿದೆ. ಕಾಗದದ ಮೇಲೆ ಕಂಡಷ್ಟು ಕೊರತೆಗಳು ಪರದೆಯ ಮೇಲೆ ಕಾಣುವುದಿಲ್ಲ. ಖರ್ಚೂ ಎರಡು ಊಟಕ್ಕಿಂತ ಹೆಚ್ಚಲ್ಲ.

ಚಾಚಾ ಕನ್ನಡಕ ಹಾಕಿಕೊಂಡು, ಚಿತ್ರಗಳನ್ನು ಚಾಪೆಯ ಮೇಲೆ ಎರಡು ಸಾಲು ಮಾಡಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು, "ಇವು ಬಿದರಿ" ಎಂದರು. ಇನ್ನೊಂದನ್ನು ನನ್ನ ಕಡೆ ಸರಿಸಿ, "ಇವು ಬೂದಿ." ಒಂದು ಹಂತ ಇಳಿಸಿ ತೆಗೆದವು ಮತ್ತು ಇಳಿಸದೆ ತೆಗೆದವು ಒಂದೂ ತಪ್ಪದಂತೆ ಬೇರೆಯಾಗಿದ್ದವು. ಆಮೇಲೆ ನನಗೆ ಅತ್ಯಂತ ಮೆಚ್ಚಿಕೆಯಾಗಿದ್ದ, ಅವರ ಮುಖದ ಮೇಲೆ ಬೆಳಕು ತುಂಬಿದ್ದ ಚಿತ್ರವನ್ನು ಎತ್ತಿಕೊಂಡರು.

"ಮುಖ ಚೆನ್ನಾಗಿದೆ ಬೇಟಿ. ಆದರೆ ಉಳಿಯನ್ನು ಹೇಗೆ ಹಿಡಿದಿದ್ದೇನೆಂದು ಇದರಲ್ಲಿ ತಿಳಿಯುವುದಿಲ್ಲ. ಕಲಿಯುವ ಹುಡುಗ ಇದನ್ನು ನೋಡಿದರೆ ಏನು ಕಲಿತಾನು?"

ಅವರು ಮತ್ತೆ ಉಳಿ ಹಿಡಿದು, ಹೆಬ್ಬೆರಳನ್ನು ಎಲ್ಲಿ ಊರಬೇಕು, ಮೊನೆ ಎಷ್ಟು ವಾಲಬೇಕು ಎಂದು ತೋರಿಸಿದರು. ನಾನು ಬಾಗಿಲ ಕಡೆಯಿಂದ ಎದ್ದು ಅವರ ಎಡಕ್ಕೆ, ನೆಲಮಟ್ಟಕ್ಕೆ ಇಳಿದೆ. ತಂಗಿ ಥರ್ಮಾಕೋಲನ್ನು ಕೈಯ ಕೆಳಗೆ ಹಿಡಿದಳು. ಮಧ್ಯಾಹ್ನದ ಬಸ್ಸಿನವರೆಗೆ ತೆಗೆದದ್ದೆಲ್ಲ ಕೈಗಳ ಚಿತ್ರ. ಊರಿಗೆ ಬಂದ ವಾರದಲ್ಲಿ ಅವನ್ನು ಚಾಚಾಗೆ ಅಂಚೆಯಲ್ಲಿ ಕಳುಹಿಸಿದೆ. ಕಮಲಾಪುರದ ಅವ್ವನ ಚಿತ್ರವೂ ಅದೇ ಲಕೋಟೆಯಲ್ಲಿತ್ತು, ಆ ದಾರಿಯಲ್ಲಿ ಓಡಾಡುವ ಚಾಚಾರ ಅಳಿಯ ತಲುಪಿಸುತ್ತೇನೆ ಎಂದಿದ್ದ. ಮುಂದಿನ ಎರಕದ ದಿನ ಗೊತ್ತಾದಾಗ ಫೋನ್ ಮಾಡುವುದಾಗಿ ಚಾಚಾ ತಿಳಿಸಿದ್ದಾರೆ. ಎರಕ ಹೊಯ್ಯುವುದು ಹಿಂದಿನ ಅಂಗಳದಲ್ಲಿ. ಅಲ್ಲಿಗೆ ಬಿಸಿಲು ಹತ್ತಕ್ಕೆ ಬರುತ್ತದಂತೆ.